ಬರ್ನಡೀನಳ ತಲೆಗೆ ಇನ್ನೂರ ಎಂಟು ಡಾಲರ್

ಬರ್ನಡೀನ್ ವ್ರೋಬೆಲ್‌ಗೆ ಈಗ ಎಪ್ಪತ್ತಮೂರು ವರ್ಷ. ಅದರಲ್ಲಿ ಎಪ್ಪತ್ತೊಂದನ್ನು ಅವಳು ತಂಗಿಯ ಮೇಲೆ ಹೊಟ್ಟೆ ಉರಿದುಕೊಂಡು ಕಳೆದಿದ್ದಾಳೆ. ಮೊದಲಿನ ಎರಡು ವರ್ಷ ಸುಮ್ಮನಿದ್ದಳೆಂದರೆ ಅದಕ್ಕೆ ಕಾರಣ ಒಂದೇ, ಆಗ ತಂಗಿ ಇನ್ನೂ ಹುಟ್ಟಿರಲಿಲ್ಲ.

ಇದು ಯಾರೋ ಬೆನ್ನ ಹಿಂದೆ ಆಡುವ ಮಾತಲ್ಲ. ವಿಸ್ಕಾನ್ಸಿನ್‌ನ ಈ ಆಲೂಗಡ್ಡೆ ಸೀಮೆಯಲ್ಲಿ, ನಮ್ಮ ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರಿಗೂ ಗೊತ್ತಿರುವ ಸಂಗತಿ. ಬರ್ನಡೀನಳಿಗೇ ಗೊತ್ತು. ಚರ್ಚಿನಲ್ಲಿ ಮೊದಲ ಸಲ ಪ್ರಸಾದ ತೆಗೆದುಕೊಂಡ ದಿನ ಇಬ್ಬರಿಗೂ ಒಂದೇ ಬಟ್ಟೆಯಲ್ಲಿ ಕೋಟು ಹೊಲಿಸಿದ್ದರು, ಆದರೆ ತಂಗಿ ಲವರ್ನಳ ಕೋಟಿಗೆ ಮಾತ್ರ ಕೊರಳಿಗೆ ಮೊಲದ ತುಪ್ಪಳ. ಉಳಿದಿದ್ದ ತುಂಡು ಚಿಕ್ಕ ಕೊರಳಿಗಷ್ಟೇ ಸಾಲುತ್ತಿತ್ತು ಎಂದು ತಾಯಿ ಸತ್ತು ಮಣ್ಣಾಗುವವರೆಗೂ ಹೇಳಿದಳು. ಬರ್ನಡೀನ್ ಒಂದು ದಿನವೂ ನಂಬಲಿಲ್ಲ. ಹೊಲದಲ್ಲಿ ಆಲೂಗಡ್ಡೆ ಆರಿಸುವಾಗ ಮೆತ್ತನೆ ಮಣ್ಣಿನ ಸಾಲು ಯಾವಾಗಲೂ ಲವರ್ನಳ ಪಾಲಿಗೇ ಬರುತ್ತಿತ್ತು. ಹಲ್ಲು ಸಾಲಾಗಿದ್ದದ್ದು ಲವರ್ನಳದು. ಹೋಗಲಿ ಬಿಡಿ ಎಂದರೆ, ಈಗ ಬರ್ನಡೀನಳ ಗಂಡನಾಗಿರುವ ಚೆಸ್ಟರ್ ಕೂಡ ಆ ಮನೆಯ ಅಂಗಳಕ್ಕೆ ಮೊದಲು ಬಂದದ್ದು ಲವರ್ನಳಿಗಾಗಿಯೇ. ಒಂದು ಶನಿವಾರ ಅವಳನ್ನು ಪೋಲ್ಕಾ ಕುಣಿತಕ್ಕೆ ಕರೆದುಕೊಂಡು ಹೋದ. ಮುಂದಿನ ಶನಿವಾರ ಅವಳಿಗೆ ಜ್ವರ, ಬದಲಿಗೆ ಅಕ್ಕ ಹೋದಳು. ಆಮೇಲೆ ಅಕ್ಕನೇ ಹೋದಳು. ಮದುವೆಯಾಗಿ ಐವತ್ತೊಂದು ವರ್ಷ ಕಳೆದರೂ, ಆ ಜ್ವರ ಬಾರದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಪಾತ್ರೆ ತೊಳೆಯುವಾಗ ಬರ್ನಡೀನಳ ತಲೆಗೆ ಬಂದೇ ಬರುತ್ತದೆ. ಅವಳ ಪಾತ್ರೆ ತೊಳೆಯುವ ಕಿಟಕಿಯಿಂದ ನೋಡಿದರೆ ಕಾಲು ಮೈಲಿ ಆಚೆ ಕಾಣುವುದು ಲವರ್ನಳ ಮನೆಯೇ. ದೇವರು ಆ ಕಿಟಕಿಯನ್ನು ಬೇರೆ ದಿಕ್ಕಿಗೆ ಇಡಿಸಬಹುದಿತ್ತು.

ಅಪ್ಪ ಸಾಯುವಾಗ ಎಂಬತ್ತು ಎಕರೆ ಕಾಡು ಬಿಟ್ಟುಹೋಗಿದ್ದ, ತಲಾ ನಲವತ್ತು. ಓಕ್ ಮರ, ಪೈನ್ ಮರ, ನಡುವೆ ಒಂದು ಹಳ್ಳ. ಬರ್ನಡೀನಳ ಪಾಲಿನ ಓಕ್ ಮರವೊಂದಕ್ಕೆ ಚೆಸ್ಟರ್ ಹಲಗೆ ಬಡಿದು ಜಿಂಕೆ ಬೇಟೆಗೆ ಅಟ್ಟಣೆ ಕಟ್ಟಿಕೊಂಡಿದ್ದ. ಪ್ರತಿ ನವೆಂಬರ್‌ನಲ್ಲಿ ಒಂಬತ್ತು ದಿನ ಅಲ್ಲೇ ಹತ್ತಿ ಕೂರುತ್ತಿದ್ದ. ಜಿಂಕೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರಡು ವರ್ಷದ ಹಿಂದೆ ಆಲೂಗಡ್ಡೆ ಕಂಪನಿಯೊಂದು ಆ ಜಾಗ ಕೇಳಿಕೊಂಡು ಬಂತು. ಲವರ್ನ್ ಮತ್ತು ಅವಳ ಗಂಡ ರೋಮನ್ ಮೊದಲು ಮಾರಿದರು, ಬಂದ ದುಡ್ಡಲ್ಲಿ ಮನೆಗೆ ಪೂರ್ವಕ್ಕೆ ಒಂದು ಗಾಜಿನ ಕೋಣೆ ಕಟ್ಟಿಸಲು ಶುರು ಮಾಡಿದರು. ಕಿಟಕಿಯಿಂದ ಆ ಗಾಜು ಹೊಳೆಯುವುದನ್ನು ಬರ್ನಡೀನ್ ಮೂರು ವಾರ ನೋಡಿದಳು. ನಾಲ್ಕನೆಯ ವಾರ ತಾನೂ ಮಾರಿದಳು.

"ಏನಂತೀಯ ಚೆಟ್?" ಎಂದು ಸಹಿ ಹಾಕುವ ಮುನ್ನ ಚೆಸ್ಟರ್‌ನನ್ನು ಕೇಳಿದ್ದಳು.

"ನಿಮ್ಮಪ್ಪನ ಜಾಗ. ನಿನ್ನಿಷ್ಟ," ಎಂದಿದ್ದ ಅವನು. ಆ ಶನಿವಾರ ಹೋಗಿ ಅಟ್ಟಣೆಯ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ ತಂದು ಗ್ಯಾರೇಜಿನ ಹಿಂದೆ ಒಟ್ಟಿದ. ಅದನ್ನು ಬರ್ನಡೀನ್ ಒಪ್ಪಿಗೆ ಎಂದುಕೊಂಡಳು.

ಚೆಸ್ಟರ್‌ಗೆ ಎಪ್ಪತ್ತನಾಲ್ಕು. ಕಾಗದದ ಗಿರಣಿಯಿಂದ ನಿವೃತ್ತನಾದ ಮೇಲೆ ಸ್ಕೂಲ್ ಬಸ್ಸಿಗೆ ಸೇರಿಕೊಂಡವನು, ಹತ್ತೊಂಬತ್ತು ವರ್ಷದಿಂದ ಆರನೇ ರೂಟು ಓಡಿಸುತ್ತಿದ್ದ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದ, ಐದೂಕಾಲಿಗೆ ಮನೆ ಬಿಡುತ್ತಿದ್ದ. ಮನೆಯಲ್ಲಿ ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ, ಬಸ್ಸಿನಲ್ಲಿ ಬಾಯಿ ಮುಚ್ಚುತ್ತಿರಲಿಲ್ಲವಂತೆ. ಕೈಗವಸು ಮರೆತು ಬರುವ ಮಕ್ಕಳಿಗೆಂದು ಸೀಟಿನ ಕೆಳಗೆ ಒಂದು ಡಬ್ಬದ ತುಂಬ ಕೈಗವಸು ಇಟ್ಟುಕೊಂಡಿದ್ದ. ಅವೆಲ್ಲ ಬರ್ನಡೀನಳೇ ಹೆಣೆದದ್ದು.

ಇಂಥ ಮನೆಗೆ ನವೆಂಬರ್ ಕೊನೆಯಲ್ಲಿ ಸರ್ಕಾರದ ಪಿಂಚಣಿ ನೋಡಿಕೊಳ್ಳುವ ಸೋಶಿಯಲ್ ಸೆಕ್ಯೂರಿಟಿ ಆಫೀಸಿನಿಂದ ಎರಡು ಲಕೋಟೆ ಬಂದವು, ಗಂಡನಿಗೊಂದು, ಹೆಂಡತಿಗೊಂದು. ಬರುವ ಜನವರಿಯಿಂದ ಮೆಡಿಕೇರ್ ವಿಮೆಯ ಕಂತು ಏರುತ್ತದೆ, ತಿಂಗಳಿಗೆ ತಲೆಗೆ ಇನ್ನೂರ ಎಂಟು ಡಾಲರ್ ಹೆಚ್ಚು. ಕಾರಣವನ್ನೂ ಕೊಟ್ಟಿದ್ದರು. ವಯಸ್ಸಾದವರ ವಿಮೆಗೆ ಸರ್ಕಾರ ನೋಡುವುದು ಈಗಿನ ಆದಾಯವನ್ನಲ್ಲ, ಎರಡು ವರ್ಷದ ಹಿಂದೆ ತೆರಿಗೆಗೆ ತೋರಿಸಿದ ಆದಾಯವನ್ನು. ಆ ವರ್ಷ ವ್ರೋಬೆಲ್ ದಂಪತಿ ಕಾಡು ಮಾರಿದ್ದರು. ಕಾಗದದ ಮೇಲೆ ಅವರು ಆ ಒಂದು ವರ್ಷ ಸಾಹುಕಾರರು.

"ಒಂದು ವರ್ಷ ತಾನೆ," ಎಂದ ಚೆಸ್ಟರ್. "ಆಮೇಲೆ ತಾನಾಗೇ ಇಳಿಯುತ್ತೆ ಅಂತ ಬರ್ದಿದ್ದಾರೆ."

ಬರ್ನಡೀನಳಿಗೂ ಅಷ್ಟೇನೂ ಸಿಟ್ಟು ಬರಲಿಲ್ಲ. ಲವರ್ನಳೂ ಅದೇ ವರ್ಷ ಮಾರಿದ್ದಾಳೆ, ಅವಳಿಗೂ ಇದೇ ಲಕೋಟೆ ಬಂದಿರುತ್ತದೆ ಎಂಬ ಯೋಚನೆ ಬಂದದ್ದೇ ಹೊಟ್ಟೆ ತಣ್ಣಗಾಯಿತು. ಆ ಸಂಜೆ ಗುನುಗಿಕೊಂಡೇ ಎಲೆಕೋಸು ಹೆಚ್ಚಿದಳು.

ಆ ತಂಪು ಡಿಸೆಂಬರಿನ ಎರಡನೆಯ ಶುಕ್ರವಾರದವರೆಗೆ ಇತ್ತು. ಶುಕ್ರವಾರ ನಮ್ಮಲ್ಲಿ ಎಲ್ಲರೂ ಕರಿದ ಮೀನಿನ ಊಟಕ್ಕೆ ಹೋಗುವವರೇ. ರೋಮನ್ ಹಿಂದಿನ ವರ್ಷದ ಜೂನ್‌ನಲ್ಲಿ, ಹುಲ್ಲು ಕತ್ತರಿಸುತ್ತಿದ್ದವನು ಹಾಗೇ ಕುಸಿದು ತೀರಿಕೊಂಡಿದ್ದ. ಆಗಿನಿಂದ ಲವರ್ನ್ ಊಟಕ್ಕೆ ಅಕ್ಕ ಭಾವನ ಮೇಜಿಗೇ ಬಂದು ಕೂರುತ್ತಿದ್ದಳು.

"ನಿಂಗೂ ಆ ಕಾಗದ ಬಂತೇನೇ, ಬರ್ನಿ?" ಎಂದು ಲವರ್ನ್ ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕೇಳಿದಳು.

"ಬರ್ದೇ ಏನು? ಇಬ್ರಿಗೂ ಬಂತು. ನಿಂಗೆಷ್ಟು ಏರಿಸಿದ್ರು?"

"ಅಷ್ಟೇ, ಇನ್ನೂರ ಎಂಟು. ಆಮೇಲೆ ಇಳಿಸಿದ್ರು ಬಿಡು."

ಬರ್ನಡೀನಳ ಕೈಯಲ್ಲಿದ್ದ ಮುಳ್ಳುಚಮಚ ಮೀನಿನಲ್ಲೇ ನಿಂತಿತು. "ಇಳಿಸಿದ್ರಾ? ಯಾರು?"

"ಆಫೀಸಿನವ್ರೇ. ಹೋಗಿ ಕೇಳ್ದೆ. ಒಂದು ಫಾರಂ ಕೊಟ್ರು, ತುಂಬಿಸಿ ಕೊಟ್ಟೆ. ಈಗ ಎಲ್ಲರ ಹಾಗೆ ನಂದೂ ಮಾಮೂಲಿ ಕಂತೇ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋ ಅಂಥದ್ದೇನಿದೆ ಅದ್ರಲ್ಲಿ," ಎಂದು ಲವರ್ನ್ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಕೈ ಒರೆಸಿಕೊಂಡಳು. ಬರ್ನಡೀನ್ ಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮೊಲದ ತುಪ್ಪಳ, ಮೆತ್ತನೆ ಮಣ್ಣು, ಗಾಜಿನ ಕೋಣೆ, ಈಗ ಇದೂ.

ಸೋಮವಾರ ಬೆಳಿಗ್ಗೆ ಬಸ್ಸು ಬಿಟ್ಟು ಬಂದ ಚೆಸ್ಟರ್‌ನನ್ನು ಹಾಗೇ ಪಿಕಪ್‌ನಲ್ಲಿ ಕೂರಿಸಿಕೊಂಡು ಆಫೀಸಿಗೆ ಹೋದಳು. ಅವನು ಹೊರಗೆ ಗಾಡಿಯಲ್ಲೇ ಕೂತ. ಒಳಗೆ ಕಿಟಕಿಯಾಚೆ ಇದ್ದವಳು ಮಿಸ್ ಶಿಯಾಂಗ್ ಎಂಬ ಸೌಮ್ಯ ಹುಡುಗಿ.

"ಈ ಫಾರಂ ಎಲ್ರಿಗೂ ಅಲ್ಲ, ಮಿಸೆಸ್ ವ್ರೋಬೆಲ್. ಜೀವನದಲ್ಲಿ ಏನಾದ್ರೂ ದೊಡ್ಡ ಬದಲಾವಣೆ ಆಗಿ ಆದಾಯ ಇಳಿದಿದ್ರೆ ಮಾತ್ರ. ಪಟ್ಟಿ ಓದ್ತೀನಿ, ನಿಮ್ಗೆ ಯಾವುದು ಆಗಿದೆ ಹೇಳಿ. ಮದುವೆ?"

"ಯಾರದ್ದು?"

"ನಿಮ್ದೇ."

"ಆಗಿ ಐವತ್ತೊಂದು ವರ್ಷ ಆಯ್ತಮ್ಮ."

"ವಿಚ್ಛೇದನ?"

"ಬಿಟ್ರೆ ಯಾರು ತಗೋತಾರೆ ಅವನನ್ನ?"

"ಗಂಡ ತೀರ್ಕೊಂಡಿದ್ದಾರಾ?"

ಬರ್ನಡೀನ್ ತಿರುಗಿ ಗಾಜಿನಾಚೆ ನೋಡಿದಳು. ಚೆಸ್ಟರ್ ಟೋಪಿ ಹಿಂದಕ್ಕೆ ಸರಿಸಿಕೊಂಡು, ಅಂಗಿಯ ಮೇಲೆಲ್ಲ ಸಕ್ಕರೆ ಉದುರಿಸಿಕೊಂಡು ಡೋನಟ್ ತಿನ್ನುತ್ತಿದ್ದ.

"ಇಲ್ಲ," ಎಂದಳು. ಆ ಇಲ್ಲದಲ್ಲಿ ಒಂದು ತೊಟ್ಟು ನಿರಾಸೆ ಇತ್ತು. ಅದು ಅವಳ ಕಿವಿಗೂ ಬಿದ್ದು ಮುಖ ಬಿಸಿಯಾಯಿತು, ಆದರೆ ಆ ನಾಚಿಕೆ ಹೆಚ್ಚು ಹೊತ್ತು ನಿಲ್ಲಲಿಲ್ಲ. "ಜಾಗ ಮಾರಿದ್ದು ಪಟ್ಟೀಲಿಲ್ವಾ?"

"ನೀವೇ ಇಷ್ಟಪಟ್ಟು ಮಾರಿದ್ದು ಲೆಕ್ಕಕ್ಕೆ ಬರಲ್ಲ. ಬೆಂಕಿ, ಪ್ರವಾಹ ಅಂತ ಕೈ ತಪ್ಪಿ ಹೋಗಿದ್ರೆ ಬೇರೆ ಮಾತು. ಕೆಲಸ ಬಿಟ್ಟಿದ್ದು? ನೀವಾಗ್ಲಿ, ನಿಮ್ಮ ಯಜಮಾನ್ರಾಗ್ಲಿ?"

"ನಾನು ಬಿಟ್ಟು ಹನ್ನೊಂದು ವರ್ಷ. ಅವನು ಸ್ಕೂಲ್ ಬಸ್ಸು ಓಡಿಸ್ತಾನೆ."

"ಹಾಗಾದ್ರೆ ಅದೂ ಇಲ್ಲ. ಒಂದೇ ವರ್ಷ ಅಲ್ವಾ, ಹೇಗೋ ತಳ್ಳಿಬಿಡಿ."

ಬರ್ನಡೀನ್ ಎದ್ದಳು, ಆದರೆ ಫಾರಂ ಕೈಯಲ್ಲೇ ಇತ್ತು. "ಇದು ನನ್ಹತ್ರಾನೇ ಇರ್ಲಿ," ಎಂದು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದು ಕಾಫಿ ಮುಂದಿಟ್ಟ ಮೇಲೆ ಶುರು ಮಾಡಿದಳು.

"ನಿಂಗೆ ಎಪ್ಪತ್ತನಾಲ್ಕು, ಚೆಟ್. ಆ ಬಸ್ಸು ಸಾಕಿನ್ನು."

"ಸೆಪ್ಟೆಂಬರಲ್ಲಿ ಡಾಕ್ಟ್ರು ಪರೀಕ್ಷೆ ಮಾಡಿ ಓಡಿಸ್ಬೋದು ಅಂದ್ರಲ್ಲ."

"ಡಾಕ್ಟ್ರಿಗೇನು ಗೊತ್ತು ನಿನ್ನ ಮೊಣಕಾಲು? ರಾತ್ರಿಯೆಲ್ಲ ನರಳೋದು ಕೇಳೋಳು ನಾನು."

ಚೆಸ್ಟರ್ ಹೆಡ್ಡನಲ್ಲ. "ಆಫೀಸಲ್ಲಿ ಏನಂದ್ರು?" ಎಂದ.

ಹೇಳಿದಳು. ಅವನು ಕಾಫಿ ಲೋಟವನ್ನು ಎರಡು ಸಲ ತಿರುಗಿಸಿದ. "ಬಸ್ಸಿಂದ ತಿಂಗಳಿಗೆ ಒಂಬೈನೂರು ಬರುತ್ತೆ. ನೀನು ಉಳ್ಸೋಕೆ ಹೊರಟಿರೋದು ನಾನೂರ ಹದಿನಾರು. ನೀನೇ ಲೆಕ್ಕ ಹಾಕು."

"ಇದು ಲೆಕ್ಕದ ಮಾತಲ್ಲ."

"ಮತ್ಯಾತರ ಮಾತು?"

"ವರ್ನ್ ಮಾಮೂಲಿ ಕಟ್ಟೋದು, ನಾನು ಜಾಸ್ತಿ ಕಟ್ಟೋದು, ಯಾವ ನ್ಯಾಯ? ಒಂದೇ ಕಾಡು, ಒಂದೇ ವರ್ಷ ಮಾರಿದ್ದು."

"ವರ್ನ್ ಗಂಡನ್ನ ಹೂತಿದ್ದಾಳೆ, ಬರ್ನಿ."

"ಅದು ಬೇರೆ ವಿಷಯ."

"ಫಾರಂನಲ್ಲಿ ಅದೇ ವಿಷಯ ಇರೋದು," ಎಂದು ಎದ್ದು ಹೋದ. ಮಧ್ಯಾಹ್ನದ ಮಕ್ಕಳನ್ನು ಇಳಿಸಲು ಇನ್ನೂ ಒಂದು ಗಂಟೆ ಇತ್ತು, ಆದರೂ ಹೋದ.

ಆಮೇಲೆ ಒಂದು ವಾರ ಬರ್ನಡೀನ್ ಮುಖ ಊದಿಸಿಕೊಂಡೇ ಇದ್ದಳು. ಚೆಸ್ಟರ್ ಅದಕ್ಕೆಲ್ಲ ಜಗ್ಗುವವನಲ್ಲ, ಬೆಳಿಗ್ಗೆ ಐದೂಕಾಲಿಗೆ ಬಾಗಿಲು ಎಳೆದುಕೊಂಡು ಹೋಗುತ್ತಲೇ ಇದ್ದ. ಬಸ್ಸೊಂದನ್ನು ಬಿಟ್ಟು ಬೇರೆ ಏನನ್ನು ಕೇಳಿದ್ದರೂ ಅವನು ಕೊಡುತ್ತಿದ್ದ, ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅವಳು ಆ ಒಂದನ್ನು ಕೇಳಿದ್ದು ಎಂದರೆ ನೀವು ನಂಬುವುದಿಲ್ಲ, ಆದರೆ ಹೊಟ್ಟೆಕಿಚ್ಚಿಗೆ ಎದುರು ಮನೆ ಕಾಣುತ್ತದೆಯೇ ಹೊರತು ಸ್ವಂತ ಮನೆ ಕಾಣುವುದಿಲ್ಲ.

ಕ್ರಿಸ್‌ಮಸ್ ಹಿಂದಿನ ಸಂಜೆ ನಮ್ಮ ಪೋಲಿಷ್ ಮನೆಗಳಲ್ಲಿ ಊಟಕ್ಕೆ ಮುಂಚೆ ಬಿಳಿ ಹಪ್ಪಳದಂಥ ಒಂದು ತೆಳು ರೊಟ್ಟಿ ಹಂಚಿಕೊಳ್ಳುತ್ತೇವೆ. ಒಬ್ಬರ ಕೈಯಲ್ಲಿರುವುದನ್ನು ಇನ್ನೊಬ್ಬರು ಚೂರು ಮುರಿದುಕೊಂಡು, ಬರುವ ವರ್ಷಕ್ಕೆ ಒಂದು ಹಾರೈಕೆ ಹೇಳಬೇಕು. ಹಾರೈಕೆ ಹೇಳಿದ ಮೇಲೆ ಕೇಳಿಸಿಕೊಂಡವರು ಆ ಚೂರನ್ನು ಬಾಯಿಗೆ ಹಾಕಿಕೊಳ್ಳಬೇಕು. ಬೇಡ ಎನ್ನುವ ಹಾಗಿಲ್ಲ. ಹಾಗೆಂದು ಯಾರೂ ಬರೆದಿಟ್ಟಿಲ್ಲ, ಆದರೆ ಬೇಡ ಎಂದವರನ್ನು ನಾನಂತೂ ಕಂಡಿಲ್ಲ.

ಆ ಸಂಜೆ ಲವರ್ನ್ ಒಂಟಿಯಾಗಿ, ಗಸಗಸೆಯ ರೋಲ್ ಹಿಡಿದುಕೊಂಡು ಬಂದಳು. ಮೂವರೂ ಮೇಜಿನ ಸುತ್ತ ನಿಂತರು. ಬರ್ನಡೀನ್ ಗಂಡನ ಕೈಯಿಂದ ಒಂದು ಚೂರು ಮುರಿದಳು, ತನ್ನದನ್ನು ಅವನ ಮುಂದೆ ಹಿಡಿದಳು.

"ಬರೋ ವರ್ಷ ನೀನು ಮನೇಲಿರ್ಬೇಕು, ಚೆಟ್. ಬೆಳಿಗ್ಗೆ ನಾನೆದ್ದಾಗ ನೀನು ಮನೇಲಿರ್ಬೇಕು. ಅದೊಂದೇ ನಂಗೆ ಬೇಕಿರೋದು."

ಲವರ್ನಳ ಕಣ್ಣು ತುಂಬಿ ಬಂತು. ಅವಳು ಬೇರೆ ಕಡೆ ತಿರುಗಿ ನ್ಯಾಪ್ಕಿನ್‌ಗಳನ್ನು ಸರಿಮಾಡಿದಳು. ಚೆಸ್ಟರ್ ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. ಎಷ್ಟು ಹೊತ್ತು ನಿಂತನೆಂದರೆ, ಬರ್ನಡೀನಳ ಕೈಯಲ್ಲಿದ್ದ ರೊಟ್ಟಿ ಬೆವರಿಗೆ ಮೆತ್ತಗಾಗತೊಡಗಿತು. ಕೊನೆಗೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ತಾನು ಹಾರೈಸಬೇಕಾದ್ದನ್ನು ಅವನು ಹಾರೈಸಲಿಲ್ಲ.

ಜನವರಿ ಎರಡಕ್ಕೆ ಬಸ್ ಯಾರ್ಡಿನ ಕೀಲಿ ಒಪ್ಪಿಸಿ, ಕೆಲಸ ಬಿಟ್ಟಿದ್ದಾನೆಂದು ಅವರು ಬರೆದುಕೊಟ್ಟ ಕಾಗದವನ್ನು ತಂದು ಅಡಿಗೆಮನೆಯ ಮೇಜಿನ ಮೇಲಿಟ್ಟ. ಕೈಗವಸಿನ ಡಬ್ಬವನ್ನು ಅದರ ಪಕ್ಕದಲ್ಲಿಟ್ಟ. ಬರ್ನಡೀನ್ ಕಾಗದವನ್ನಷ್ಟೇ ಎತ್ತಿಕೊಂಡಳು.

ಫೆಬ್ರವರಿ ಮಧ್ಯದಲ್ಲಿ ಉತ್ತರ ಬಂತು. ಕೆಲಸ ಬಿಟ್ಟದ್ದನ್ನು, ಈ ವರ್ಷದ ಕಡಿಮೆ ಆದಾಯವನ್ನು ಗಮನಿಸಿ ಇಬ್ಬರ ಕಂತನ್ನೂ ಮಾಮೂಲಿಗೆ ಇಳಿಸಲಾಗಿದೆ. ಕೋಟು ಕೂಡ ಬಿಚ್ಚದೆ ಬರ್ನಡೀನ್ ತಂಗಿಗೆ ಫೋನು ಮಾಡಿದಳು.

"ನಂದೂ ಇಳಿಸಿದ್ರು, ವರ್ನ್. ಈಗ ನೀನೂ ನಾನೂ ಒಂದೇ."

"ಏನು ಬದಲಾವಣೆ ಅಂತ ಬರೆದ್ರಿ?"

"ಚೆಟ್ ಬಸ್ಸು ಬಿಟ್ನಲ್ಲ."

"ಓ," ಎಂದಳು ಲವರ್ನ್. ಆಮೇಲೆ ಮತ್ತೊಂದು ಸಲ, ಬೇರೆ ದನಿಯಲ್ಲಿ, "ಓ." ಒಲೆ ಮೇಲೆ ಏನೋ ಇಟ್ಟಿದ್ದೇನೆಂದು ಫೋನು ಇಟ್ಟುಬಿಟ್ಟಳು. ತಂಗಿಗೆ ಉರಿಯಿತು ಎಂದು ಬರ್ನಡೀನ್ ಆ ದಿನವೆಲ್ಲ ಖುಷಿಯಾಗಿದ್ದಳು.

ಖುಷಿಗೆ ಹುಳಿ ಬಿದ್ದದ್ದು ಮಾರ್ಚ್ ಮೊದಲ ವಾರ. ಬಸ್ಸು ಬಿಟ್ಟರೂ ಚೆಸ್ಟರ್ ನಾಲ್ಕೂವರೆಗೇ ಏಳುತ್ತಿದ್ದ, ಐದೂಕಾಲಿಗೇ ಪಿಕಪ್ ತೆಗೆಯುತ್ತಿದ್ದ. ಎಲ್ಲಿಗೆ ಎಂದರೆ ಪೆಟ್ರೋಲ್ ಬಂಕಿನಲ್ಲಿ ಗಿರಣಿಯ ಹಳೇ ಗೆಳೆಯರ ಜೊತೆ ಕಾಫಿಗೆ ಎನ್ನುತ್ತಿದ್ದ. ಹಾಲು ತರಲು ಹೋದಾಗ ಆ ಗೆಳೆಯರಲ್ಲೊಬ್ಬ ಬರ್ನಡೀನಳಿಗೆ ಸಿಕ್ಕಿ, "ಚೆಟ್ ಎಲ್ಲಿ ಕಾಣೋದೇ ಇಲ್ಲ? ಹುಷಾರಾಗಿದ್ದಾನಾ?" ಎಂದ. ಮಾರನೆಯ ದಿನ ಎಂದಿಗಿಂತ ಬೇಗ ಪಾತ್ರೆ ತೊಳೆಯುವಾಗ, ಎಂಟಕ್ಕೆ ಕಾಲು ಗಂಟೆ ಇದೆ ಎನ್ನುವಾಗ, ಕಿಟಕಿಯಿಂದ ನೋಡುತ್ತಾಳೆ, ಲವರ್ನಳ ಅಂಗಳದಲ್ಲಿ ಚೆಸ್ಟರ್‌ನ ನೀಲಿ ಪಿಕಪ್ ನಿಂತಿದೆ.

ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಅದರ ಮಾರನೆಯ ದಿನವೂ ಇತ್ತು. ಅದರ ಮಾರನೆಯ ದಿನವೂ. ಎಂಟೂವರೆಗೆ ಹೊರಟು ಮನೆಗೆ ಬಂದು, ಹೊಟ್ಟೆ ತುಂಬಿದೆ ಎಂದು ತಿಂಡಿ ಬೇಡ ಎನ್ನುತ್ತಿದ್ದ.

ಇಷ್ಟು ದಿನ ಅವಳದು ಹೊಟ್ಟೆಕಿಚ್ಚು, ಅದು ಅವಳಿಗೆ ರೂಢಿ. ಇದು ಬೇರೆ. ಇದಕ್ಕೆ ಅವಳು ರಾತ್ರಿ ಹಾಸಿಗೆಯಲ್ಲಿ ಕಣ್ಣು ತೆರೆದುಕೊಂಡೇ ಮಲಗಿದಳು. ಗಂಡ ಸತ್ತು ಒಂದೂವರೆ ವರ್ಷ ದಾಟಿದವಳು, ಇನ್ನೂ ಬೆನ್ನು ನೆಟ್ಟಗಿದೆ, ಹಲ್ಲು ಸಾಲಾಗಿವೆ. ಮೊದಲು ಅವನು ಬಂದದ್ದೂ ಅವಳಿಗಾಗಿಯೇ. ತಾನೇ ಹಟ ಹಿಡಿದು ಅವನನ್ನು ಬಸ್ಸಿನಿಂದ ಇಳಿಸಿ ತಂಗಿಯ ಬಾಗಿಲಿಗೆ ಕಳಿಸಿದ ಹಾಗಾಯಿತಲ್ಲ ಎಂದು ಕೈ ಕೈ ಹಿಸುಕಿಕೊಂಡಳು.

ಶುಕ್ರವಾರ ತಡೆಯಲಾಗಲಿಲ್ಲ. ಪಿಕಪ್ ಕಂಡದ್ದೇ ಏಪ್ರನ್ ಮೇಲೇ ಕೋಟು ಹಾಕಿಕೊಂಡು, ಹಿಮದ ರಸ್ತೆಯಲ್ಲಿ ನಡೆದೇ ಹೋದಳು. ಬಾಗಿಲು ತಟ್ಟಲಿಲ್ಲ. ಲವರ್ನ್ ಅಡಿಗೆಮನೆಯಲ್ಲಿ ನಿಂತಿದ್ದಳು.

"ಎಲ್ಲಿ ಅವನು?"

"ಮೆಲ್ಲಗೆ ಮಾತಾಡು. ಮಲಗಿದ್ದಾನೆ."

"ಮಲಗಿದ್ದಾನಾ?" ಬರ್ನಡೀನಳ ದನಿ ಹರಿದೇ ಹೋಯಿತು.

ಲವರ್ನ್ ಗಾಜಿನ ಕೋಣೆಯ ಬಾಗಿಲು ತೋರಿಸಿದಳು. ಅಲ್ಲಿ ರೋಮನ್‌ನ ಕುರ್ಚಿಯಲ್ಲಿ ಚೆಸ್ಟರ್, ಬೂಟು ಕೋಟು ಹಾಕಿಕೊಂಡೇ, ಗದ್ದ ಎದೆಗೆ ತಾಗಿಸಿ ನಿದ್ದೆ ಹೋಗಿದ್ದ. ಮಡಿಲಲ್ಲಿ ಟೋಪಿ. ಪಕ್ಕದಲ್ಲಿ ಅರ್ಧ ಕುಡಿದಿಟ್ಟ ಕಾಫಿ.

"ಎಷ್ಟು ದಿನದಿಂದ ನಡೀತಿದೆ ಇದು? ನಂಗೆಲ್ಲಾ ಗೊತ್ತು ಕಣೇ. ಮೊದಲಿಂದ್ಲೂ ನಿಂಗೆ ಅವನ ಮೇಲೆ..."

"ಬಾಯಿ ಮುಚ್ಚು ಬರ್ನಿ, ವಯಸ್ಸಿಗಾದ್ರೂ ಮರ್ಯಾದೆ ಇರ್ಲಿ." ಲವರ್ನ್ ಕುರ್ಚಿ ಎಳೆದು ಅಕ್ಕನನ್ನು ಕೂರಿಸಿದಳು. "ಜನವರಿಯಿಂದ ಬರ್ತಾನೆ. ಬಂದು ಕೂರ್ತಾನೆ, ಒಂದು ಕಾಫಿ ಕುಡೀತಾನೆ, ಹೋಗ್ತಾನೆ. ಮೊದಮೊದಲು ನಾನೂ ಸುಮ್ನಿದ್ದೆ. ಎರಡು ವಾರ ಆದ್ಮೇಲೆ ಕೇಳ್ದೆ, ಇಷ್ಟು ಬೆಳಿಗ್ಗೆ ಎಲ್ಲಿಂದ ಬರ್ತೀಯ ಚೆಟ್ ಅಂತ."

"ಎಲ್ಲಿಂದ?"

"ರೂಟಿಂದ. ಆರನೇ ರೂಟು. ಪಿಕಪ್‌ನಲ್ಲಿ ಪೂರ್ತಿ ಒಂದು ಸುತ್ತು ಹೋಗ್ತಾನೆ, ಹೊಸ ಡ್ರೈವರ್ ಬಸ್ಸು ತೆಗೆಯೋಕ್ಕೆ ಮುಂಚೆ. ಒಂದೊಂದು ಸ್ಟಾಪಲ್ಲೂ ನಿಲ್ಲಿಸ್ತಾನಂತೆ. ಮಕ್ಕಳು ಇನ್ನೂ ಎದ್ದೇ ಇರಲ್ಲ ಆ ಹೊತ್ತಿಗೆ. ಯಾವಾಗ್ಲೂ ಎಂಟೂವರೆ ಮೇಲೆ ಮನೆಗೆ ಬರ್ತಿದ್ದೋನು, ಬೇಗ ಬಂದ್ರೆ ನೀನೇನಂತೀಯೋ ಅಂತ ಇಲ್ಲಿ ಕೂತಿರ್ತಾನೆ."

ಬರ್ನಡೀನ್ ಗಾಜಿನ ಕೋಣೆಯ ಕಡೆ ತಿರುಗಿ ಗಂಡನ ಬೂಟುಗಳನ್ನು ನೋಡಿದಳು.

"ಆವತ್ತು ರೊಟ್ಟಿ ಮುರಿಯುವಾಗ ನೀನಂದ ಮಾತು ಕೇಳಿ ನಾನು ಮನೆಗೆ ಬಂದು ಅತ್ತೆ ಕಣೇ," ಎಂದಳು ಲವರ್ನ್. "ಮನೇಲಿರು ಅನ್ನೋಕೆ ಇವಳಿಗೆ ಒಬ್ಬ ಇದ್ದಾನಲ್ಲ ಅಂತ. ನನ್ನ ಜನ್ಮದಲ್ಲಿ ಯಾರ ಮೇಲೂ ಅಷ್ಟು ಹೊಟ್ಟೆ ಉರೀಲಿಲ್ಲ ನಂಗೆ. ಆಮೇಲೆ ಫೆಬ್ರವರೀಲಿ ನೀನು ಫೋನು ಮಾಡಿ ಫಾರಂ ವಿಷಯ ಹೇಳ್ದೆ."

ಈ ಮಾತಿಗಾಗಿ ಬರ್ನಡೀನ್ ಎಪ್ಪತ್ತೊಂದು ವರ್ಷ ಕಾದಿದ್ದಳು. ತಂಗಿಗೆ ತನ್ನ ಮೇಲೆ ಹೊಟ್ಟೆಕಿಚ್ಚು. ಅದು ಈಗ ಅವಳ ಕಿವಿಗೆ ಬಿದ್ದಾಗ, ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

"ಆ ಫಾರಂನಲ್ಲಿ ತಾರೀಕು ಕೇಳಿರ್ತಾರಲ್ಲ, ಬದಲಾವಣೆ ಆಗಿದ್ದು ಯಾವತ್ತು ಅಂತ," ಲವರ್ನ್ ಒಲೆಯ ಕಡೆ ನೋಡಿಕೊಂಡೇ ಹೇಳಿದಳು. "ರೋಮನ್ ಹೋದ ತಾರೀಕಿನ ಬದಲು ನಾನು ನಮ್ಮ ಮದುವೆ ತಾರೀಕು ಬರೆದುಬಿಟ್ಟಿದ್ದೆ. ಆ ಹುಡುಗಿ ಏನೂ ಅನ್ನದೆ ಇನ್ನೊಂದು ಫಾರಂ ಕೊಟ್ಲು. ಅದೂ ಬೇಕೇನೇ ನಿಂಗೆ?"

ಬರ್ನಡೀನ್ ಎದ್ದು, ಗಂಡನನ್ನು ಎಬ್ಬಿಸದೆ, ಬಂದ ದಾರಿಯಲ್ಲೇ ನಡೆದುಕೊಂಡು ಮನೆಗೆ ಹೋದಳು. ಬಸ್ ಯಾರ್ಡಿಗೆ ಫೋನು ಮಾಡಿದಳು. ಅಲ್ಲಿನ ಮೇಲ್ವಿಚಾರಕಿಗೆ ಅವಳ ದನಿ ಪರಿಚಯ.

"ಆರನೇ ರೂಟು ಬೇರೆಯವ್ರಿಗೆ ಕೊಟ್ಟಾಯ್ತು, ಬರ್ನಿ. ಈಗ ಚೆಟ್ ವಾಪಸ್ ಬಂದ್ರೆ ಪಟ್ಟಿಯ ಕೊನೇಲಿ ಇರ್ತಾನೆ. ಯಾರಾದ್ರೂ ರಜಾ ಹಾಕಿದ್ರೆ ಕರೀಬೋದು, ಅಷ್ಟೇ. ಹತ್ತೊಂಬತ್ತು ವರ್ಷದ ಹಿರಿತನ ಬಿಟ್ಟು ಯಾಕೆ ಹೋದ ಅಂತ ನಾವೆಲ್ಲ ಮಾತಾಡಿಕೊಂಡ್ವಿ. ನೀನೇನಾದ್ರೂ ಕಾಯಿಲೆ ಬಿದ್ದಿದ್ಯಾ ಅಂದ್ಕೊಂಡ್ವಿ."

"ಇಲ್ಲ, ಹುಷಾರಾಗೇ ಇದ್ದೀನಿ," ಎಂದಳು ಬರ್ನಡೀನ್.

ಚೆಸ್ಟರ್ ಎಂಟೂವರೆಗೆ ಬಂದ. ಪೆಟ್ರೋಲ್ ಬಂಕಿನಲ್ಲಿ ಯಾರೂ ಇರಲಿಲ್ಲ, ಚಳಿ ಎಂದ. ಅವಳು ಹೂಂ ಎಂದಳು.

ಸೋಮವಾರ ಬೆಳಿಗ್ಗೆ ಅವನು ಪಿಕಪ್‌ನ ಬಾಗಿಲು ತೆಗೆದಾಗ ಪಕ್ಕದ ಸೀಟಿನಲ್ಲಿ ಬರ್ನಡೀನ್ ಕೂತಿದ್ದಳು. ಕೋಟು ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಚೆಸ್ಟರ್ ಅವಳನ್ನು ನೋಡಿದ. ಎಲ್ಲಿಗೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗಾಡಿ ತೆಗೆದ.

ಇನ್ನೂ ಕತ್ತಲೆ. ಮೊದಲನೆಯ ಸ್ಟಾಪಿನಲ್ಲಿ ಅಂಚೆ ಡಬ್ಬಗಳ ಪಕ್ಕ ನಿಲ್ಲಿಸಿದ, ಮನಸ್ಸಿನಲ್ಲೇ ಏನೋ ಎಣಿಸಿ ಹೊರಟ. ಎರಡನೆಯದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತ. ಆ ಮನೆಯವರು ಯಾವಾಗಲೂ ತಡವಂತೆ. ದಾರಿಯಲ್ಲಿ ಅಪ್ಪನ ಕಾಡಿದ್ದ ಜಾಗ ಬಂತು. ಈಗ ಅಲ್ಲಿ ಬಯಲು, ನಡುವೆ ನೀರು ಹಾಯಿಸುವ ಉದ್ದನೆಯ ಕಬ್ಬಿಣದ ತೋಳು ಹಿಮದಲ್ಲಿ ನಿಂತಿತ್ತು. ಅವನು ಆ ಕಡೆ ತಿರುಗಲಿಲ್ಲ. ಬರ್ನಡೀನ್ ತಿರುಗಿ ನೋಡಿದಳು.

ಕೊನೆಗೆ ರೈಲು ಹಳಿ ದಾಟುವ ಜಾಗ. ಸ್ಕೂಲ್ ಬಸ್ಸಿನವರು ಹಳಿಯ ಮುಂದೆ ಪೂರ್ತಿ ನಿಲ್ಲಿಸಿ, ಬಾಗಿಲು ತೆರೆದು ಕಿವಿಗೊಟ್ಟು ಕೇಳಿಯೇ ದಾಟಬೇಕು, ಅದು ನಿಯಮ. ಚೆಸ್ಟರ್ ಪಿಕಪ್ ನಿಲ್ಲಿಸಿ, ಹೀಟರ್ ಆರಿಸಿ, ಗಾಜು ಇಳಿಸಿ ಕಿವಿಗೊಟ್ಟ. ತಣ್ಣನೆ ಗಾಳಿ ಇಬ್ಬರ ಮುಖಕ್ಕೂ ಬಡಿಯಿತು.

"ಈ ಹಳಿ ಮೇಲೆ ಇನ್ನೂ ರೈಲು ಓಡ್ತಾವಾ?" ಎಂದಳು ಬರ್ನಡೀನ್.

"ಇಲ್ಲ. ನಾಲ್ಕು ವರ್ಷ ಆಯ್ತು."

ಅವಳು ಚೀಲದ ಹಿಡಿಯನ್ನು ತಿರುಚುತ್ತ ಕೂತಳು. ಕೇಳಬಾರದೆಂದುಕೊಂಡೇ ಬಂದಿದ್ದಳು, ಆದರೆ ಒಳಗಿನ ಉರಿ ಬಿಡಲಿಲ್ಲ.

"ವರ್ನ್‌ಗೆ ಎಲ್ಲಾ ಹೇಳಿದ್ದೀಯ. ನಂಗ್ಯಾಕೆ ಒಂದು ಮಾತೂ ಹೇಳ್ಲಿಲ್ಲ, ಚೆಟ್?"

ಚೆಸ್ಟರ್ ಹಳಿಯ ಎರಡೂ ಕಡೆ ಮತ್ತೊಮ್ಮೆ ನೋಡಿದ.

"ಅವಳು ಕೇಳಿದ್ಲು," ಎಂದ. ಗಾಜು ಏರಿಸಿ, ಗಾಡಿಯನ್ನು ಮೆಲ್ಲಗೆ ಹಳಿ ದಾಟಿಸಿದ.